ಅಂಗಳದ ಹೊಗೆ ಯಾರ ಮನೆಗೆ?



ವಾಯುಮಾಲಿನ್ಯ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ದಿಲ್ಲಿ. ಚಳಿಗಾಲ ಬಂತೆಂದರೆ ಅಲ್ಲಿ ಶಾಲೆಗಳಿಗೆ ರಜೆ ಸಾರುವುದನ್ನು, ಜನರು ಮುಖ ಮುಚ್ಚಿಕೊಂಡು ಓಡಾಡುವುದನ್ನು ಟಿ.ವಿ.ಯಲ್ಲಿ ನೋಡುತ್ತೇವೆ. "ಅಲ್‌ಹಮ್ದುಲಿಲ್ಲಾಹ್, ನಮ್ಮೂರಿಗೆ ಆ ಗತಿ ಬಂದಿಲ್ಲ" ಎಂದು ಸಮಾಧಾನ ಪಟ್ಟುಕೊಳ್ಳುತ್ತೇವೆ. ಬಂಟ್ವಾಳ, ಉಪ್ಪಿನಂಗಡಿಯಂತಹ ಊರುಗಳಲ್ಲಿ ಇರುವವರು ಹಾಗೆ ಅಂದುಕೊಳ್ಳುವುದು ಸಹಜ. ಪಕ್ಕದಲ್ಲಿ ನೇತ್ರಾವತಿ, ಸುತ್ತಲೂ ತೆಂಗು, ಅಡಿಕೆ, ಗುಡ್ಡ. ಇಲ್ಲಿ ಗಾಳಿ ಕೆಡಲು ಏನಿದೆ?

ಹಾಗಾದರೆ ಡಿಸೆಂಬರ್, ಜನವರಿ ಬಂದೊಡನೆ ಮಕ್ಕಳ ಕೆಮ್ಮು ಶುರುವಾಗುವುದೇಕೆ? ಬೆಳಿಗ್ಗೆ ಮದ್ರಸಕ್ಕೆ ಬರುವ ಪುಟ್ಟ ಮಕ್ಕಳು ಪಾಠ ಓದುವ ನಡುವೆ ಉಸಿರಿಗಾಗಿ ನಿಲ್ಲುವುದೇಕೆ? ಜೀವನದಲ್ಲಿ ಒಂದು ಬೀಡಿಯನ್ನೂ ಬಾಯಿಗಿಡದ ಅಜ್ಜಿಗೆ ಬೀಡಿ ಸೇದಿದವರಿಗೆ ಬರುವ ಶ್ವಾಸಕೋಶದ ರೋಗ ಬಂದಿದೆ ಎಂದು ವೈದ್ಯರು ಹೇಳುವುದೇಕೆ? "ಚಳಿಗೆ ಹಾಗೆಯೇ" ಎಂದು ನಾವು ಬಿಟ್ಟುಬಿಡುತ್ತೇವೆ. ಶೀತಕ್ಕೆ ಕಾರಣವಾಗುವ ವೈರಸ್‌ಗಳೂ ಆ ತಿಂಗಳುಗಳಲ್ಲಿ ಇರುತ್ತವೆ, ನಿಜ. ಆದರೆ ಗಾಳಿಯ ಪಾಲೂ ಅದರಲ್ಲಿದೆ. ಆ ಪಾಲಿನಲ್ಲಿ ನಮ್ಮ ಕೈಯಲ್ಲಿರುವುದು ಬಹಳಷ್ಟಿದೆ. ಈ ತಿಂಗಳು ಅದರ ಬಗ್ಗೆ ಮಾತನಾಡೋಣ.

ಗಾಳಿಗೂ ಋತುಗಳಿವೆ

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಆ ನಾಲ್ಕು ತಿಂಗಳು ಅರಬಿ ಸಮುದ್ರದ ಕಡೆಯಿಂದ ಗಾಳಿ ಬೀಸುತ್ತದೆ. ಮಳೆ ಆಕಾಶವನ್ನು ತೊಳೆಯುತ್ತದೆ. ಹೊರಗಿನ ಗಾಳಿ ಶುದ್ಧವಾಗಿರುವ ಕಾಲ ಅದು. ಆದರೆ ಆಗ ನಾವು ಎಲ್ಲಿರುತ್ತೇವೆ? ಬಾಗಿಲು, ಕಿಟಕಿ ಮುಚ್ಚಿಕೊಂಡು ಒಳಗೆ. ಒದ್ದೆ ಕಟ್ಟಿಗೆಯ ಹೊಗೆ, ಕೋಣೆಯೊಳಗೆ ಹಗ್ಗದಲ್ಲಿ ತೂಗುವ ಒಣಗದ ಬಟ್ಟೆ, ಗೋಡೆಯ ಮೂಲೆಯ ಬೂಷ್ಟು, ಸೊಳ್ಳೆ ಕಾಯಿಲ್ ಎಲ್ಲವೂ ಅಲ್ಲೇ. ಅಂದರೆ ಮಳೆಗಾಲದಲ್ಲಿ ಕೆಡುವುದು ಊರಿನ ಗಾಳಿಯಲ್ಲ, ಮನೆಯ ಗಾಳಿ.

ಅಕ್ಟೋಬರ್, ನವೆಂಬರ್‌ನಲ್ಲಿ ಸಂಜೆಯ ಗುಡುಗು ಮಳೆ ಇನ್ನೂ ಸ್ವಲ್ಪ ತೊಳೆಯುತ್ತದೆ. ಡಿಸೆಂಬರ್ ಬಂತೆಂದರೆ ಆಟ ಬದಲಾಗುತ್ತದೆ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿಯ ಪದರ ಕೂರುತ್ತದೆ. ಅನ್ನದ ಪಾತ್ರೆಗೆ ಮುಚ್ಚಳ ಇಟ್ಟಂತೆ. ಒಲೆಯ ಹೊಗೆ, ಕಸದ ಹೊಗೆ, ಲಾರಿಗಳ ಹೊಗೆ ಎಲ್ಲವೂ ಆ ಮುಚ್ಚಳದ ಕೆಳಗೆ ಉಳಿಯುತ್ತವೆ. ಮುಂಜಾನೆ ಹೊಳೆಬದಿಯಲ್ಲಿ ಕಾಣುವ ಮಂಜಿನೊಳಗೆ ಈ ಹೊಗೆಯೂ ಬೆರೆತಿರುತ್ತದೆ. ಬಿಸಿಲೇರಿ ನೆಲ ಕಾದು, ಮಧ್ಯಾಹ್ನ ಸಮುದ್ರದ ಗಾಳಿ ಬೀಸತೊಡಗಿದಾಗ ಮುಚ್ಚಳ ತೆರೆಯುತ್ತದೆ. ಸಂಜೆಯಾದೊಡನೆ ಮತ್ತೆ ಮುಚ್ಚಿಕೊಳ್ಳುತ್ತದೆ.

ಈಗ ಯೋಚಿಸಿ. ನಾವು ಅಂಗಳ ಗುಡಿಸಿ ತರಗೆಲೆಗೆ ಬೆಂಕಿ ಹಚ್ಚುವುದು ಯಾವಾಗ? ಮಗ್ರಿಬ್‌ಗೆ ಸ್ವಲ್ಪ ಮುಂಚೆ. ಬಚ್ಚಲಿನ ಹಂಡೆಗೆ ಬೆಂಕಿ ಹಾಕುವುದು ಯಾವಾಗ? ಸುಬ್ಹಿ ನಮಾಝಿನ ಹೊತ್ತಿಗೆ. ತೋಟದಲ್ಲಿ ಸುಡುಮಣ್ಣು ಮಾಡುವುದು ಯಾವಾಗ? ಮಳೆ ನಿಂತು ಎಲ್ಲ ಒಣಗಿದ ಇದೇ ತಿಂಗಳುಗಳಲ್ಲಿ. ಹೊಗೆ ಮೇಲೆ ಹೋಗಲು ದಾರಿಯೇ ಇಲ್ಲದ ಹೊತ್ತನ್ನು ಹುಡುಕಿ ನಾವು ಹೊಗೆ ಹಾಕುತ್ತಿದ್ದೇವೆ.

ಮಾರ್ಚ್‌ನಿಂದ ಮೇ ತನಕ ಇನ್ನೊಂದು ಬಗೆ. ಗಾಳಿ ಚೆನ್ನಾಗಿ ಮೇಲೆ ಕೆಳಗೆ ಆಡುತ್ತದೆ, ಆದ್ದರಿಂದ ಹೊಗೆ ನಿಲ್ಲುವುದು ಕಡಿಮೆ. ಆದರೆ ಕೆಂಪು ಮಣ್ಣಿನ ಧೂಳು, ರಸ್ತೆ ಕಾಮಗಾರಿಯ ಧೂಳು, ಗುಡ್ಡದ ಒಣಹುಲ್ಲಿಗೆ ಬೀಳುವ ಬೆಂಕಿ, ಹೂವಿನ ಪರಾಗ ಸೇರಿಕೊಳ್ಳುತ್ತವೆ.

ಕಣ್ಣಿಗೆ ಕಾಣದ ಹುಡಿ

ಮೂಗಿಗೆ ಬರುವ ದಪ್ಪ ಧೂಳನ್ನು ಸೀನಿದರೆ, ಉಗುಳಿದರೆ ಹೊರಗೆ ಹಾಕಬಹುದು. ಅಪಾಯ ಇರುವುದು ಅದಕ್ಕಿಂತ ಸಣ್ಣದರಲ್ಲಿ. ಪಿಎಂ 2.5 ಎಂಬ ಹೆಸರನ್ನು ನೀವು ಪತ್ರಿಕೆಯಲ್ಲಿ ನೋಡಿರಬಹುದು. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ. ಎರಡೂವರೆ ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣಗಳೇ ಪಿಎಂ 2.5. ನಮ್ಮ ತಲೆಗೂದಲಿನ ದಪ್ಪ ಅದಕ್ಕಿಂತ ಸುಮಾರು 20ರಿಂದ 30 ಪಟ್ಟು ಹೆಚ್ಚು. ಇಷ್ಟು ಸಣ್ಣ ಕಣ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ, ಅತಿ ಸೂಕ್ಷ್ಮವಾದವು ರಕ್ತಕ್ಕೂ ಸೇರುತ್ತವೆ. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವೂ ಹೊಗೆಯಿಂದ ಹೆಚ್ಚುತ್ತದೆ ಎನ್ನುವುದು ಇದಕ್ಕಾಗಿ.

ನಮ್ಮ ದೇಶ 2009ರಲ್ಲಿ ನಿಗದಿ ಮಾಡಿದ ಮಟ್ಟದ ಪ್ರಕಾರ ಒಂದು ಘನ ಮೀಟರ್ ಗಾಳಿಯಲ್ಲಿ ಈ ಕಣಗಳು ದಿನದ ಸರಾಸರಿ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಟ್ಟ ಕೇವಲ 15. 2015ರಿಂದ ಇವನ್ನೆಲ್ಲ ಸೇರಿಸಿ ವಾಯು ಗುಣಮಟ್ಟ ಸೂಚ್ಯಂಕ ಎಂದು ಒಂದೇ ಅಂಕಿಯಲ್ಲಿ ಹೇಳುತ್ತಾರೆ. 50ರ ಒಳಗಿದ್ದರೆ ಉತ್ತಮ, 100ರ ತನಕ ತೃಪ್ತಿಕರ, 200 ದಾಟಿದರೆ ಕಳಪೆ, 400 ದಾಟಿದರೆ ಗಂಭೀರ.

2019ರಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಆರಂಭಿಸಿತು. ಅದರಲ್ಲಿ ಕರ್ನಾಟಕದಿಂದ ಸೇರಿದ್ದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ. ಅಳತೆಯ ಯಂತ್ರಗಳು ಇರುವುದು ಹೆಚ್ಚಾಗಿ ನಗರಗಳಲ್ಲಿ. ನಮ್ಮ ಸಣ್ಣ ಊರುಗಳಿಗೆ ಅಂಕಿ ಇಲ್ಲ. ಅಂಕಿ ಇಲ್ಲ ಎಂದರೆ ಹೊಗೆ ಇಲ್ಲ ಎಂದಲ್ಲ. ಇನ್ನೊಂದು ಮಾತು. ಯಂತ್ರ ಹೇಳುವುದು ಊರಿನ ಇಡೀ ದಿನದ ಸರಾಸರಿಯನ್ನು. ನಿಮ್ಮ ಅಡುಗೆ ಕೋಣೆಯಲ್ಲಿ ಬೆಳಿಗ್ಗೆ ಆರು ಗಂಟೆಗೆ ಎಷ್ಟಿದೆ ಎಂದು ಅದು ಹೇಳುವುದಿಲ್ಲ.

ಅದನ್ನು ಅಳೆದು ನೋಡಿದವರೂ ಇದ್ದಾರೆ. 1980ರ ದಶಕದ ಆರಂಭದಲ್ಲಿ ಕರ್ಕ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿ ಭಾರತೀಯ ಸಂಗಡಿಗರೊಂದಿಗೆ ಗುಜರಾತಿನ ಹಳ್ಳಿಗಳಿಗೆ ಹೋಗಿ, ಕಟ್ಟಿಗೆ ಒಲೆಯಲ್ಲಿ ಅಡುಗೆ ಮಾಡುವ ಹೆಂಗಸರು ಉಸಿರಾಡುವ ಗಾಳಿಯನ್ನೇ ಅಳೆದರು. ದೊಡ್ಡ ನಗರಗಳ ರಸ್ತೆಗಿಂತ ಎಷ್ಟೋ ಕೆಟ್ಟ ಗಾಳಿ ಅಡುಗೆ ಕೋಣೆಯಲ್ಲಿತ್ತು. ಅಡುಗೆಯ ಹೊಗೆ ಒಂದು ರೋಗದ ಕಾರಣ ಎಂದು ಜಗತ್ತು ಗಂಭೀರವಾಗಿ ನೋಡಲು ಶುರು ಮಾಡಿದ್ದು ಇಂಥ ಅಳತೆಗಳ ನಂತರ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಹೊಗೆಯಿಂದ 32 ಲಕ್ಷ ಜನ ತೀರಿಕೊಂಡರು. ಅವರಲ್ಲಿ 2,37,000ಕ್ಕೂ ಹೆಚ್ಚು ಐದು ವರ್ಷದೊಳಗಿನ ಮಕ್ಕಳು.

"ನಾವು ಹೊಗೆಯಲ್ಲೇ ಬೆಳೆದವರು"

ಒಬ್ಬ ಸಹೋದರಿಯ ಪ್ರಶ್ನೆ ಹೀಗಿದೆ: ಮಗನಿಗೆ ನಾಲ್ಕು ವರ್ಷ. ಚಳಿಗಾಲದಲ್ಲಿ ರಾತ್ರಿ ಉಬ್ಬಸ. ಪಕ್ಕದ ಮನೆಯವರು ಸಂಜೆ ಹೊತ್ತು ಎಲೆ, ಪ್ಲಾಸ್ಟಿಕ್ ಎಲ್ಲವನ್ನೂ ಒಟ್ಟಿಗೆ ಸುಡುತ್ತಾರೆ. ಹೇಳಿದರೆ ಮನಸ್ತಾಪವಾದೀತು ಎಂಬ ಭಯ. ಮನೆಯಲ್ಲಿ ಅತ್ತೆ, "ನಾವು ಹೊಗೆಯಲ್ಲೇ ಹುಟ್ಟಿ ಹೊಗೆಯಲ್ಲೇ ಬೆಳೆದವರು, ನಮಗೇನಾಯಿತು?" ಎನ್ನುತ್ತಾರೆ. ಏನು ಮಾಡಲಿ?

ಮೊದಲು ಅತ್ತೆಯವರ ಮಾತನ್ನು ತೆಗೆದುಕೊಳ್ಳೋಣ. ಅದನ್ನು ತಳ್ಳಿಹಾಕಬೇಡಿ, ಅದರಲ್ಲಿ ಒಂದು ಸತ್ಯವಿದೆ. ಅವರ ಕಾಲದ ಮನೆ ಬೇರೆ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಜಿಲ್ಲೆಯ ಮನೆಗಳಿಗೆ ಹಂಚಿನ ಮಾಡು ಬಂತು. ಎತ್ತರದ ಮಾಡಿನ ಹಂಚುಗಳ ಸಂದಿಯಿಂದ ಹೊಗೆ ಹೊರಗೆ ಹೋಗುತ್ತಿತ್ತು. ಮನೆಯಿಂದ ಮನೆಗೆ ದೂರವಿತ್ತು. ಅಂಗಳದ ಕಸದಲ್ಲಿ ಪ್ಲಾಸ್ಟಿಕ್ ಇರಲಿಲ್ಲ. ಈಗಿನ ಮನೆ ತಾರಸಿಯದ್ದು. ಹೊಗೆಗೆ ಸಂದಿಯಿಲ್ಲ. ಐದು ಸೆಂಟ್ಸ್ ಜಾಗದಲ್ಲಿ ನಮ್ಮ ಬಚ್ಚಲಿನ ಹೊಗೆ ಹೋಗುವುದು ನೆರೆಯವರ ಮಲಗುವ ಕೋಣೆಯ ಕಿಟಕಿಗೆ.

ಇನ್ನೊಂದು ಮಾತನ್ನು ಅವರಲ್ಲಿ ಮೆಲ್ಲಗೆ ಕೇಳಿ: "ಉಮ್ಮಾ, ನಿಮ್ಮ ಉಮ್ಮ ಕೊನೆಗಾಲದಲ್ಲಿ ಕೆಮ್ಮುತ್ತಿದ್ದರಾ?" ಹಿಂದಿನ ಮನೆಗಳಲ್ಲಿ ಒಲೆಯ ಮುಂದೆ ಕುಳಿತ ಹೆಂಗಸರು ಕೆಮ್ಮುತ್ತಲೇ ಮುದುಕಿಯರಾದರು. ಅದಕ್ಕೆ ಹೆಸರಿರಲಿಲ್ಲ, ಅಷ್ಟೇ. ಈಗ ವೈದ್ಯರು ಅದಕ್ಕೆ ಸಿಒಪಿಡಿ ಎನ್ನುತ್ತಾರೆ. ನಮ್ಮ ರಾಜ್ಯದಲ್ಲಿ ಇದನ್ನು ಮೊದಲೇ ಅರಿತವರಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ಅವರು ರೂಪಿಸಿದ ಚಿಮಣಿ ಇರುವ 'ಅಸ್ತ್ರ ಒಲೆ' ಹಲವರ ಮನೆಗೆ ಬಂದದ್ದು ಹಿರಿಯರಿಗೆ ನೆನಪಿರಬಹುದು. ಕಡಿಮೆ ಕಟ್ಟಿಗೆ, ಹೊಗೆ ಹೊರಗೆ. 2016ರಲ್ಲಿ ಶುರುವಾದ ಉಜ್ವಲ ಯೋಜನೆಯಿಂದ ಬಡ ಮನೆಗಳಿಗೂ ಗ್ಯಾಸ್ ಬಂತು. ಆದರೂ ಬಚ್ಚಲಿನ ಒಲೆ ಹಾಗೆಯೇ ಉಳಿದಿದೆ. ಅಡುಗೆ ಕೋಣೆಯಿಂದ ಹೋದ ಹೊಗೆ ಬಚ್ಚಲಿನಲ್ಲಿ ಕೂತಿದೆ.

ಪಕ್ಕದ ಮನೆಯ ಬೆಂಕಿ

ಇನ್ನು ನೆರೆಮನೆಯ ವಿಷಯ. ನೆರೆಯವರ ಹಕ್ಕಿನ ಬಗ್ಗೆ ನಾವು ಬೇಕಾದಷ್ಟು ಕೇಳಿದ್ದೇವೆ. ಸಾರಿನ ಪರಿಮಳ ಪಕ್ಕದ ಮನೆಗೆ ಹೋದರೆ ಒಂದು ಬಟ್ಟಲು ಸಾರೂ ಹೋಗಬೇಕು ಎಂದು ಬೆಳೆದವರು ನಾವು. ಹಾಗಾದರೆ ಹೊಗೆ ಹೋದರೆ? ಈ ಪ್ರಶ್ನೆ ನೆರೆಯವರಿಗೆ ಮಾತ್ರವಲ್ಲ, ಮೊದಲು ನಮಗೆ. ನಮ್ಮ ಅಂಗಳದಲ್ಲಿ ಬೆಂಕಿ ನಿಂತ ಮೇಲೆಯೇ ಅವರಿಗೆ ಹೇಳುವ ಬಾಯಿ ನಮಗಿರುತ್ತದೆ.

ಬೆಂಕಿ ಉರಿಯುತ್ತಿರುವಾಗ ಬೇಲಿಯ ಬದಿಯಿಂದ ಕೂಗಿ ಹೇಳಬೇಡಿ. ಆ ಹೊತ್ತಿನ ಮಾತು ಜಗಳವೇ ಆಗುತ್ತದೆ. ಬೆಂಕಿ ಇಲ್ಲದ ಒಂದು ದಿನ ಮಗುವನ್ನು ಕರೆದುಕೊಂಡು ಅವರ ಮನೆಗೆ ಹೋಗಿ. ದೂರು ಎಂದಲ್ಲ, ಕಷ್ಟ ಎಂದು ಹೇಳಿ. "ಇವನಿಗೆ ರಾತ್ರಿ ದಮ್ಮು ಬರುತ್ತದೆ, ಹೊಗೆ ತಾಗಬಾರದು ಎಂದು ಡಾಕ್ಟರ್ ಹೇಳಿದ್ದಾರೆ" ಎನ್ನಿ. ಹಾಗೆಯೇ ಒಂದು ದಾರಿಯನ್ನೂ ಇಡಿ: "ನಮ್ಮ ತೆಂಗಿನ ಬುಡದಲ್ಲಿ ಗುಂಡಿ ತೆಗೆಯುತ್ತೇವೆ, ನಿಮ್ಮ ತರಗೆಲೆಯೂ ಅದಕ್ಕೇ ಇರಲಿ." ಬರೀ "ಸುಡಬೇಡಿ" ಎಂದರೆ ಅವರು ಕಸವನ್ನು ಏನು ಮಾಡಬೇಕು? ತರಗೆಲೆ, ಸೋಗೆ, ಅಡುಗೆಯ ಹಸಿ ಕಸ ಸೇರಿ ಮಣ್ಣಿನೊಂದಿಗೆ ಕೊಳೆತರೆ ಒಳ್ಳೆಯ ಗೊಬ್ಬರ. ಸುಟ್ಟರೆ ಒಂದು ಹಿಡಿ ಬೂದಿ.

ಪ್ಲಾಸ್ಟಿಕ್ ಮಾತ್ರ ಎಂದಿಗೂ ಬೆಂಕಿಗೆ ಬೇಡ. ಕೆಲವು ಬಗೆಯ ಪ್ಲಾಸ್ಟಿಕ್ ಉರಿದಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದು ಕ್ಯಾನ್ಸರ್‌ಗೆ ಕಾರಣವಾಗಬಲ್ಲದು. ಒಲೆ ಹೊತ್ತಿಸಲು ಹಾಲಿನ ಪ್ಯಾಕೆಟ್, ಟಯರಿನ ತುಂಡು ಇಡುವ ಅಭ್ಯಾಸ ಇದ್ದರೆ ಇಂದೇ ಬಿಡಿ. ತೆಂಗಿನ ನಾರು, ಒಣ ಗರಿ ಸಾಕು.

ಕಾನೂನೂ ಇದೆ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಎಂಬ ಮಹಿಳೆ ಕಸದ ಸಮಸ್ಯೆಯ ಬಗ್ಗೆ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆ ಹೋರಾಟ ಮುಂದುವರಿದು 2016ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಡುವುದನ್ನು ನಿಷೇಧಿಸಿತು. ಸಾಮಾನ್ಯವಾಗಿ ಸುಟ್ಟರೆ 5,000 ರೂಪಾಯಿ, ರಾಶಿ ಕಸ ಸುಟ್ಟರೆ 25,000 ರೂಪಾಯಿ ದಂಡ ಎಂದಿತು. ಒಬ್ಬ ಹೆಂಗಸು ಇಪ್ಪತ್ತು ವರ್ಷ ಬಿಡದೆ ಹಿಡಿದ ಫಲ ಅದು. ನೆರೆಯವರ ಮೇಲೆ ದೂರು ಕೊನೆಯ ಮೆಟ್ಟಿಲಾಗಿರಲಿ. ಆದರೆ ರಸ್ತೆ ಬದಿಯಲ್ಲಿ, ಮಾರುಕಟ್ಟೆಯ ಹಿಂದೆ ರಾಶಿ ರಾಶಿ ಸುಡುತ್ತಿದ್ದರೆ ಪುರಸಭೆಗೋ ಪಂಚಾಯತಿಗೋ ನಾಲ್ಕು ಮನೆಯ ಹೆಂಗಸರು ಸೇರಿ ಅರ್ಜಿ ಕೊಡಿ. ಕಸದ ಗಾಡಿ ನಿಮ್ಮ ಓಣಿಗೆ ಬರುವಂತೆ ಕೇಳಿ. ಗಾಡಿ ಬರದ ಕಡೆ ಬೆಂಕಿ ನಿಲ್ಲುವುದಿಲ್ಲ.

ಮನೆಯೊಳಗೆ ನಾವೇ ಹಚ್ಚುವ ಹೊಗೆ

ಸೊಳ್ಳೆ ಕಾಯಿಲ್ ಬಗ್ಗೆ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೀಗೆ ಹೇಳಿತು: ಪರೀಕ್ಷಿಸಿದ ಕಾಯಿಲ್‌ಗಳಲ್ಲಿ ಒಂದು ಪೂರ್ತಿ ಉರಿದಾಗ ಹೊರಬಂದ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಂದ ಬರುವಷ್ಟಿದ್ದವು. ಮುಚ್ಚಿದ ಕೋಣೆಯಲ್ಲಿ ಮಗುವಿನ ತಲೆದೆಸೆಯಲ್ಲಿ ಅದನ್ನು ಹಚ್ಚಿಡುತ್ತೇವೆ. ಸೊಳ್ಳೆ ಪರದೆಯೇ ಒಳ್ಳೆಯದು. ಊದುಬತ್ತಿ, ಲೋಬಾನದ ಹೊಗೆಗೂ ಇದೇ ಮಾತು. ಪರಿಮಳ ಬಂದ ಮಾತ್ರಕ್ಕೆ ಹೊಗೆ ಹೊಗೆಯಲ್ಲದೆ ಹೋಗುವುದಿಲ್ಲ. ಮನೆಯಲ್ಲಿ ದಮ್ಮು ಇರುವವರಿದ್ದರೆ ಅತ್ತರು ಸಾಕು, ಅದೂ ದೂರದಿಂದ.

ಬಾಣಂತಿ ಕೋಣೆಯ ವಿಷಯವನ್ನು ಒತ್ತಿ ಹೇಳಬೇಕು. ಮಗುವಿನ ಸ್ನಾನದ ನಂತರ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಹೊಗೆ ಹಿಡಿಯುವುದು, ಬೆಚ್ಚಗಿರಲೆಂದು ಕೆಂಡದ ಬಟ್ಟಲನ್ನು ಮಂಚದ ಬಳಿ ಇಡುವುದು ಎಷ್ಟೋ ಮನೆಗಳಲ್ಲಿದೆ. ನವಜಾತ ಶಿಶು ನಿಮಿಷಕ್ಕೆ 40ರಿಂದ 60 ಸಲ ಉಸಿರಾಡುತ್ತದೆ. ನಮಗಿಂತ ಎರಡು ಮೂರು ಪಟ್ಟು. ಅಷ್ಟೂ ಸಲ ಹೊಗೆ ಒಳಗೆ ಹೋಗುತ್ತದೆ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದು ಮಲಗಿದವರನ್ನು ಎಬ್ಬಿಸದೆಯೇ ಕೊಲ್ಲುತ್ತದೆ. ಮಗುವಿನ ಕೂದಲು ಮೆತ್ತಗಿನ ಬಟ್ಟೆಯಿಂದ ಒರೆಸಿದರೆ ಒಣಗುತ್ತದೆ. ತಾಯಿಯ ಎದೆಗಿಂತ ಬೆಚ್ಚಗಿನ ಜಾಗ ಮಗುವಿಗೆ ಬೇರೆ ಬೇಡ.

ಬೀಡಿ ಕಟ್ಟುವ ಸಹೋದರಿಯರೇ, ಹೊಗೆಸೊಪ್ಪಿನ ಹುಡಿಯೂ ಉಸಿರಿಗೆ ಹೋಗುತ್ತದೆ. ಮಳೆಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಮೊರ ಮಡಿಲಲ್ಲಿಟ್ಟು ಕೂರುವಾಗ ಮಗು ಪಕ್ಕದಲ್ಲಿ ಮಲಗಿರುವುದು ಬೇಡ. ಜಗಲಿಯಲ್ಲಿ ಕುಳಿತು ಕಟ್ಟಿ. ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ನೆಲ ಒರೆಸಿ, ಕೈ ತೊಳೆದು, ಬಟ್ಟೆ ಬದಲಿಸಿ ಮಗುವನ್ನು ಎತ್ತಿಕೊಳ್ಳಿ.

ಬರುವ ವರ್ಷಗಳ ರಮಝಾನ್

2024 ಮತ್ತು 2025ರಲ್ಲಿ ರಮಝಾನ್ ಮಾರ್ಚ್ ತಿಂಗಳಲ್ಲಿ ಶುರುವಾಯಿತು. ಚಂದ್ರಮಾನ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ ಅದು ವರ್ಷ ವರ್ಷ ಹಿಂದಕ್ಕೆ ಸರಿಯುತ್ತಾ 2030ರಲ್ಲಿ ಜನವರಿಗೆ ಬರುತ್ತದೆ. ಅಂದರೆ ಗಾಳಿ ಅಲುಗಾಡದ ತಿಂಗಳಿಗೆ. ಸಹ್ರಿಯ ಒಲೆ ಉರಿಯುವುದು ಮುಂಜಾವಿಗೆ, ಇಫ್ತಾರಿನ ಎಣ್ಣೆ ಕಾಯುವುದು ಮುಸ್ಸಂಜೆಗೆ. ಎರಡೂ ಹೊಗೆ ನಿಲ್ಲುವ ಹೊತ್ತು. ಸಮೋಸ, ಪಕೋಡ ಕರಿಯುವಾಗ ಏಳುವ ಎಣ್ಣೆ ಹೊಗೆಯಲ್ಲೂ ಸೂಕ್ಷ್ಮ ಕಣಗಳಿವೆ. ಕರಿದದ್ದನ್ನು ಕಡಿಮೆ ಮಾಡಿ, ಕಿಟಕಿ ತೆರೆದಿಡಿ, ಎಕ್ಸಾಸ್ಟ್ ಫ್ಯಾನ್ ಇದ್ದರೆ ಒಲೆ ಹಚ್ಚುವ ಮೊದಲೇ ಹಾಕಿ. ಇನ್‌ಹೇಲರ್ ಬಳಸುವವರು ಉಪವಾಸದ ಹೆಸರಿನಲ್ಲಿ ತಾವೇ ಅದನ್ನು ನಿಲ್ಲಿಸಬೇಡಿ. ರಮಝಾನಿಗೆ ಒಂದು ತಿಂಗಳು ಮುಂಚೆ ವೈದ್ಯರನ್ನು ಕಂಡು ಔಷಧಿಯ ಹೊತ್ತು ಕೇಳಿಕೊಳ್ಳಿ, ನಿಮ್ಮ ವಿದ್ವಾಂಸರಲ್ಲೂ ವಿಚಾರಿಸಿ. ರೋಗಿಗೆ ದೀನಿನಲ್ಲಿ ರಿಯಾಯಿತಿ ಇದೆ.

ನೆನಪಿಡಬೇಕಾದ ಕೆಲವು ಮಾತು

ಡಿಸೆಂಬರ್‌ನಿಂದ ಫೆಬ್ರವರಿ ತನಕ ಕಿಟಕಿಗಳನ್ನು ಹೊತ್ತೇರಿದ ಮೇಲೆ ತೆರೆದು ಮುಸ್ಸಂಜೆಗೆ ಮುಚ್ಚಿ. ಒಳಗೆ ಒಲೆ ಉರಿಯುತ್ತಿದ್ದರೆ ಮಾತ್ರ ಮುಚ್ಚಬೇಡಿ. ಅಂಗಳ ಗುಡಿಸುವ ಮೊದಲು ನೀರು ಚಿಮುಕಿಸಿ. ಬಚ್ಚಲಿನ ಒಲೆಗೆ ಮಾಡಿಗಿಂತ ಎತ್ತರದ ಚಿಮಣಿ ಇರಲಿ, ಒಣಗಿದ ಕಟ್ಟಿಗೆಯೇ ಇರಲಿ. ಅನುಕೂಲ ಇದ್ದವರು ಸೋಲಾರ್ ಹಾಕಿಸಿ. ಹೊಗೆ ಹೆಚ್ಚು ನಿಲ್ಲುವ ತಿಂಗಳುಗಳಲ್ಲೇ ನಮ್ಮಲ್ಲಿ ಬಿಸಿಲೂ ಚೆನ್ನಾಗಿರುತ್ತದೆ.

ದುಪಟ್ಟಾ, ನಿಕಾಬ್ ದಪ್ಪ ಧೂಳನ್ನು ಸ್ವಲ್ಪ ತಡೆಯುತ್ತವೆ, ಹೊಗೆಯ ಸೂಕ್ಷ್ಮ ಕಣವನ್ನು ತಡೆಯುವುದಿಲ್ಲ. ದಮ್ಮು ಇರುವವರು ಹೊಗೆ, ಧೂಳಿನ ಕಡೆ ಹೋಗಲೇಬೇಕಾದರೆ ಎನ್95 ಮಾಸ್ಕ್ ಧರಿಸಿ.

ಮಗುವಿಗೆ ಕೆಮ್ಮು ಬಂದಾಗ ಅದು ಮಲಗಿರುವಾಗ ಒಂದು ಪೂರ್ತಿ ನಿಮಿಷ ಎದೆಯ ಏರಿಳಿತ ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ 60, ಒಂದು ವರ್ಷದೊಳಗಿನ ಮಗುವಿಗೆ 50, ಐದು ವರ್ಷದೊಳಗಿನ ಮಗುವಿಗೆ 40 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ. ಉಸಿರೆಳೆಯುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ, ತುಟಿ ನೀಲಿಯಾದರೆ, ಹಾಲು ಕುಡಿಯಲು ಆಗದಿದ್ದರೆ ರಾತ್ರಿಯಾದರೂ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ. "ಅವರು ಬರಲಿ, ಆಮೇಲೆ ನೋಡೋಣ" ಎಂದು ಗಂಡಸರ ಫೋನಿಗೆ ಕಾಯುವ ಹೊತ್ತು ಅದಲ್ಲ. ಆಟೋದವರ ನಂಬರ್ ಮತ್ತು ಸ್ವಲ್ಪ ಹಣ ಯಾವಾಗಲೂ ಒಂದು ಕಡೆ ಇರಲಿ. 108ಕ್ಕೆ ಕರೆ ಮಾಡಲು ಮನೆಯ ದೊಡ್ಡ ಮಕ್ಕಳಿಗೂ ಗೊತ್ತಿರಲಿ.

ಗಾಳಿ ಅಲ್ಲಾಹನು ಯಾರಿಗೂ ಬೇಲಿ ಹಾಕದೆ ಕೊಟ್ಟ ಅನುಗ್ರಹ. ಬೇಲಿ ಇಲ್ಲದ್ದರಿಂದಲೇ ಅದು ಒಬ್ಬರ ಕೈಯಲ್ಲಿ ಕೆಟ್ಟರೆ ಎಲ್ಲರಿಗೂ ಕೆಡುತ್ತದೆ. ಈ ವಾರ ಒಂದು ಕೆಲಸ ಮಾಡಿ. ಅಂಗಳದ ಮೂಲೆಯಲ್ಲಿ ಮೊಣಕಾಲೆತ್ತರದ ಒಂದು ಗುಂಡಿ ತೋಡಿಸಿ, ತರಗೆಲೆಯನ್ನು ಅದಕ್ಕೆ ಹಾಕಿ. ಬೆಂಕಿಪೆಟ್ಟಿಗೆ ಅಡುಗೆ ಕೋಣೆಯಲ್ಲೇ ಇರಲಿ.